ಬಿಚ್ಚಾಂವ್ ಗೌಸ ಮತ್ತು ಬೀಗರ ಕಾರು

ಆಳಂದದಲ್ಲಿ ಗೌಸಮೊಹಿದ್ದೀನನ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಬಿಚ್ಚಾಂವ್ ಗೌಸ ಎನ್ನಿ, ತಕ್ಷಣ ಖಜೂರಿ ರಸ್ತೆಯ ಕಡೆ ಕೈ ತೋರಿಸುತ್ತಾರೆ. ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಮಾಡುವುದು ಅವನ ಹೊಟ್ಟೆಪಾಡು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಿಚ್ಚಿ ನೋಡುವುದು ಅವನ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅದು ಗೌಸನನ್ನು ನೋಡಿಯೇ ಹೇಳಿದ ಮಾತಿರಬೇಕು. ಮದುವೆಯಲ್ಲಿ ಮಾವ ಕೊಟ್ಟ ಗೋಡೆ ಗಡಿಯಾರವನ್ನು ಮರುದಿನವೇ ಹಾಸಿಗೆಯ ಮೇಲೆ ಹರವಿಕೊಂಡು ಕೂತಿದ್ದನಂತೆ. ಆಮೇಲೆ ಹೆಂಡತಿ ತಸ್ಲೀಮ ತವರಿನಿಂದ ತಂದ ಮಿಕ್ಸರು, ಪಕ್ಕದ ಮನೆ ಗುರುಬಾಯಿಯ ಹೊಲಿಗೆ ಯಂತ್ರ, ಊರಿಗೆ ಮೊದಲ ಸಲ ಬಂದ ಮಾತಾಡುವ ತೂಕದ ಯಂತ್ರ. ಬಿಚ್ಚಿದ್ದನ್ನು ಮತ್ತೆ ಕೂಡಿಸುವುದಕ್ಕೂ ಬರುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಕೂಡಿಸಿದ ಮೇಲೆ ಒಂದೆರಡು ತಿರುಪು ಉಳಿದೇ ಉಳಿಯುತ್ತಿದ್ದವು. ಕಂಪನಿಯವರು ಹೆಚ್ಚಿಗೆ ಹಾಕಿರುತ್ತಾರೆ ಎಂದು ಅವನು ಅವನ್ನು ಡಬ್ಬಿಗೆ ಹಾಕಿಕೊಳ್ಳುತ್ತಿದ್ದ.

ಅವನ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಕಚ್ಚು ಇದೆ. ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಎಳೆದು ಎಳೆದು ಆದ ಕಚ್ಚು ಅದು. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗುವ ಲಾರಿಯವರಿಗೆ ಯಾವಾಗಲೂ ಅವಸರ. ದೀಪ ಹತ್ತಬೇಕು, ಹಾರ್ನ್ ಕೂಗಬೇಕು, ಗಾಡಿ ಹೊರಡಬೇಕು. ಅಲ್ಲಿ ಯಾರು ಯಾವ ವೈರು ಎಲ್ಲಿಂದ ಬಂತು ಎಂದು ನೋಡುತ್ತ ಕೂರುತ್ತಾರೆ? ಕತ್ತರಿಸು, ಕಚ್ಚಿ ಎಳೆ, ಹೊಸೆ, ಕರಿ ಪಟ್ಟಿ ಸುತ್ತು. ಗೌಸ ಈ ಕೆಲಸ ಕಲಿತದ್ದೂ ಹೀಗೆ, ಮಾಡಿದ್ದೂ ಹೀಗೆ. ಆದರೆ ಒಳಗೊಳಗೆ ಅವನಿಗೆ ಒಂದು ಸಮಾಧಾನವಿಲ್ಲ. ಕತ್ತರಿಸಿದರೆ ಕೆಲಸವೇನೋ ಆಗುತ್ತದೆ, ಆದರೆ ಆ ವೈರು ಏನು ಮಾಡುತ್ತಿತ್ತು ಎಂಬುದು ಗೊತ್ತಾಗದೇ ಹೋಗುತ್ತದಲ್ಲ ಎಂಬ ಚಡಪಡಿಕೆ.

ಇಂಥವನಿಗೆ ಒಬ್ಬಳೇ ಮಗಳು, ನಿಶಾತ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಏನು, ಯಾಕೆ, ಹೇಗೆ ಎಂದು ಕೇಳುವ ಚಾಳಿ ಅಪ್ಪನಿಂದಲೇ ಬಂದದ್ದು. ಅವಳದು ಕೊನೆಯ ವರ್ಷ ನಡೆದಿತ್ತು. ಅಷ್ಟರಲ್ಲಿ ಜೇವರ್ಗಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಶಾಹಿದ, ಜೇವರ್ಗಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅವನ ತಂದೆ ಖಾದರಸಾಬ, ತೊಗರಿ ಹೊಲ, ಎರಡು ಟ್ರ್ಯಾಕ್ಟರು, ಊರಲ್ಲಿ ನಾಲ್ಕು ಜನ ಮಾತು ಕೇಳುವ ಆಸಾಮಿ. ಹುಡುಗ, ಮನೆತನ ಎರಡರಲ್ಲೂ ಕುಂದು ಹೇಳುವಂಥದ್ದೇನೂ ಇರಲಿಲ್ಲ. ಒಂದೇ ತೊಡಕು: ತೊಗರಿ ಒಕ್ಕಿ ರಾಶಿ ಮುಗಿದ ಕೂಡಲೇ ನಿಕಾ ಆಗಬೇಕು, ಹುಡುಗಿ ಓದಿದ್ದು ಸಾಕು ಎಂದು ನಡುವಿನವರ ಕೈಲಿ ಹೇಳಿ ಕಳಿಸಿದ್ದರು.

ನಿಶಾತ ಅತ್ತು ಕರೆದು ಮಾಡಲಿಲ್ಲ. ಅಬ್ಬಾ, ಪರೀಕ್ಷೆ ಮುಗಿಯುವವರೆಗೆ ತಡೆಯಿರಿ ಅಂತ ನೀವೇ ಅವರನ್ನು ಕೇಳಬೇಕು, ಇಷ್ಟೇ, ಎಂದಳು. ಗೌಸ ಕೇಳುತ್ತೇನೆ ಎಂದು ಮಾತು ಕೊಟ್ಟ. ತಸ್ಲೀಮಳಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಗಂಡಿನವರ ಮುಂದೆ ಶರತ್ತು ಹಾಕಿದರೆ ಬಂದ ಸಂಬಂಧ ಬಂದ ದಾರಿಗೇ ಸುಂಕವಿಲ್ಲದೆ ಹೋಗುತ್ತದೆ ಎಂಬ ಭಯ ಅವಳದು. ಅದೂ ಅಲ್ಲದೆ ಅವಳಿಗೆ ಗಂಡನ ಮೇಲೆ ಇನ್ನೊಂದು ಅನುಮಾನ. ಮಾತು ಪಕ್ಕಾ ಮಾಡಿ ಸಕ್ಕರೆ ತಿನ್ನಿಸಲು ಬೀಗರು ಬರುವ ದಿನ ಏನನ್ನೂ ಬಿಚ್ಚುವುದಿಲ್ಲ ಎಂದು ಅವನ ಬಾಯಿಂದ ಆಣೆ ಹಾಕಿಸಿಕೊಂಡಳು. ಆಣೆಯನ್ನೂ ನಂಬದೆ, ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡಳು. ಲೋಕದಲ್ಲಿರೋದನ್ನೆಲ್ಲ ಬಿಚ್ಚುತ್ತೀರಿ, ಬೇಕಾದಾಗ ಬಾಯಿ ಮಾತ್ರ ಬಿಚ್ಚುವುದಿಲ್ಲ, ಇವತ್ತೂ ಹಾಗೇ ಸುಮ್ಮನಿರಿ ಎಂದು ಹೇಳಿದಳು. ಅದು ಚುಚ್ಚುಮಾತೋ ಬುದ್ಧಿಮಾತೋ ಗೌಸನಿಗೆ ತಿಳಿಯಲಿಲ್ಲ.

ಬೀಗರು ಬಂದರು. ಖಾದರಸಾಬ, ಶಾಹಿದ, ಮನೆಯ ಹೆಂಗಸರು ಇಬ್ಬರು. ಹೆಂಗಸರು ಒಳಗೆ ಹೋದರು, ಗಂಡಸರು ಪಡಸಾಲೆಯಲ್ಲಿ ಕೂತರು. ಬಾಗಿಲ ಮುಂದೆ ನಿಂತ ಅವರ ಕಾರು ಹೊಸದು, ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಗೌಸ ಅದರ ಕಡೆ ನೋಡಬಾರದೆಂದು ಗೋಡೆಗೆ ಮುಖ ಮಾಡಿ ಕೂತ. ಈ ವರ್ಷದ ತೊಗರಿಯ ಮಾತಾಯಿತು, ರಸ್ತೆಯ ಮಾತಾಯಿತು, ನೆಂಟರ ಪೈಕಿ ಯಾರು ಯಾರಿಗೆ ಏನಾಗಬೇಕೆಂಬ ಮಾತೂ ಆಯಿತು. ಓದಿನ ಮಾತು ಅವನ ಗಂಟಲತನಕ ಬಂದು ಪ್ರತಿ ಸಲವೂ ಚಹಾದ ಜೊತೆ ಕೆಳಗಿಳಿಯಿತು. ಪರದೆಯ ಆಚೆ ನಿಶಾತ ನಿಂತಿದ್ದಾಳೆಂದು ಅವನಿಗೆ ಗೊತ್ತಿತ್ತು, ಅದಕ್ಕೇ ಇನ್ನೊಂದು ಗುಟುಕು ಚಹಾ ಕುಡಿದ.

ಅಷ್ಟರಲ್ಲಿ ಖಾದರಸಾಬ ತಾನಾಗಿ ಕಾರಿನ ಮಾತು ತೆಗೆಯಬೇಕೇ? ಮಗ ಸೊಲ್ಲಾಪುರಕ್ಕೆ ಹೋಗಿ ದೊಡ್ಡ ಪರದೆಯ ಟೇಪು ತಂದಿದ್ದಾನೆ, ತಿಂಗಳಿನಿಂದ ಅದು ಡಿಕ್ಕಿಯಲ್ಲೇ ಬಿದ್ದಿದೆ ಎಂದ. ಕ್ಯಾಸೆಟ್ಟಿನ ಕಾಲ ಹೋಗಿ ಎಷ್ಟೋ ದಿನವಾದರೂ ಆ ಕಡೆ ಕಾರಿನಲ್ಲಿ ಹಾಡುವುದಕ್ಕೆಲ್ಲ ಟೇಪೇ ಹೆಸರು. ಕಲಬುರಗಿಯಲ್ಲಿ ಕೇಳಿದವರೆಲ್ಲ ಕಾರಿನ ಮೂಲ ವೈರು ಕತ್ತರಿಸದೆ ಹೊಸದನ್ನು ಕೂಡಿಸಲು ಬರುವುದಿಲ್ಲ ಎಂದರಂತೆ. ಕಾರು ಕೊಟ್ಟವರನ್ನು ಕೇಳಿದರೆ ಒಂದು ವೈರು ಕತ್ತರಿಸಿದರೂ ಗ್ಯಾರಂಟಿ ಹೋಯಿತು ಎಂದರಂತೆ. ಮಗನಿಗೆ ಹಾಡಿನ ಹುಚ್ಚು, ತನಗೆ ಗ್ಯಾರಂಟಿಯ ಚಿಂತೆ ಎಂದು ಹೇಳುತ್ತ ಖಾದರಸಾಬ ಗೌಸನ ಬಾಯಿಯನ್ನೇ ನೋಡಿದ.

"ನಿಮ್ಮ ಹಲ್ಲ ನೋಡಿದ್ರ ನೀವೂ ಕತ್ತರಿಸೋ ಮಂದಿನೇ ಇದ್ದಂಗ ಕಾಣ್ತದ."

ಗೌಸ ಬಾಯಿ ಮುಚ್ಚಿಕೊಂಡು ನಕ್ಕ. ನಗುವಾಗಲೇ ಅವನ ತಲೆಯಲ್ಲಿ ಕೀಲಿ ತಿರುಗಿಯಾಗಿತ್ತು. ಅಂಗಡಿಯ ಮೂಲೆಯಲ್ಲಿ, ಅಫಜಲಪುರ ರಸ್ತೆಯಲ್ಲಿ ನುಜ್ಜುಗುಜ್ಜಾದ ಕಾರಿನಿಂದ ಬಂದ ಒಂದು ಸತ್ತ ಟೇಪು ಬಿದ್ದಿತ್ತು. ಅದೂ ಇದೇ ಕಂಪನಿಯ ಕಾರಿನದು. ಅದರ ಬೆನ್ನಿನಲ್ಲಿ ವೈರಿನ ಗೊಂಚಲು ಹೋಗಿ ಕಚ್ಚಿಕೊಳ್ಳುವ ಸಾಕೆಟ್ಟು ಗಟ್ಟಿಯಾಗಿತ್ತು. ಆ ಸಾಕೆಟ್ಟನ್ನು ಬಿಡಿಸಿ ನಡುವೆ ಇಟ್ಟರೆ? ಕಾರಿನ ಗೊಂಚಲು ಬಂದು ಅದನ್ನು ಕಚ್ಚಲಿ, ಅದರಿಂದ ಹೊರಟ ವೈರುಗಳು ಹೊಸ ಸೆಟ್ಟಿಗೆ ಹೋಗಲಿ. ಕತ್ತರಿಸುವುದು, ಕೂಡಿಸುವುದು ಏನಿದ್ದರೂ ಈ ನಡುವಿನ ತುಂಡಿನಲ್ಲಿ. ಕಾರಿನ ಮೈಗೆ ಚೂರಿ ತಾಗುವುದೇ ಬೇಡ.

"ಕತ್ತರಿಸಲಾರದೇ ಆಗ್ತದೇನೋ ನೋಡಬೇಕಂತ ನನಗೂ ಭಾಳ ದಿವಸದಿಂದ ಅದರಿ," ಎಂದುಬಿಟ್ಟ.

ಪರದೆಯ ಹಿಂದೆ ತಸ್ಲೀಮ ಕೆಮ್ಮಿದಳು. ಕೆಮ್ಮಿನಲ್ಲೇ ಆಣೆ, ಮರ್ಯಾದೆ, ಮಗಳ ಮದುವೆ ಎಲ್ಲ ಇತ್ತು. ಆದರೆ ಖಾದರಸಾಬ ಎದ್ದು ನಿಂತು, ಹಾಗಾದರೆ ತೋರಿಸಿ, ನನ್ನ ಕಣ್ಣ ಮುಂದೆ ಮಾಡಿ ಎಂದ. ಬೀಗರೇ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲವೆನ್ನಲು ಬರುತ್ತದೆಯೇ? ಪರದೆಯ ಸಂದಿಯಿಂದ ಒಂದು ಕೈ ಬಂತು, ಕೈಯಲ್ಲಿ ಅಂಗಡಿಯ ಕೀಲಿ. ಆ ಕೈ ಕೀಲಿಯನ್ನು ಬಿಟ್ಟುಕೊಡಲು ತುಸು ಹೊತ್ತೇ ತೆಗೆದುಕೊಂಡಿತು.

ಗೌಸ ಮೊದಲು ಬ್ಯಾಟರಿಯ ತಂತಿ ಕಳಚಿದ. ನಿಶಾತಳ ಪ್ಲಾಸ್ಟಿಕ್ ಸ್ಕೇಲಿಗೆ ಬಟ್ಟೆ ಸುತ್ತಿ ಟೇಪಿನ ಸುತ್ತಲಿನ ಚೌಕಟ್ಟನ್ನು ಮೆಲ್ಲಗೆ ಎಬ್ಬಿಸಿದ. ಒಂದೊಂದು ಕೊಂಡಿ ಟಪ್ ಎಂದಾಗಲೂ ಖಾದರಸಾಬನ ಎದೆ ಟಪ್ ಎನ್ನುತ್ತಿತ್ತು, ಮುರೀತೇನ್ರಿ, ಮುರೀತೇನ್ರಿ ಎಂದು ಕೇಳುತ್ತಲೇ ಇದ್ದ. ತಿರುಪು ತೆಗೆದು ಹಳೆಯ ಸೆಟ್ಟನ್ನು ಮುಂದಕ್ಕೆಳೆದಾಗ ಅದರ ಹಿಂದೆ ವೈರಿನ ದೊಡ್ಡ ಗೊಂಚಲು ಕಂಡಿತು. ಗೌಸನ ಕೈ ಅಭ್ಯಾಸಬಲದಿಂದ ಕತ್ತರಿಯ ಕಡೆ ಹೋಯಿತು, ಖಾದರಸಾಬನ ಕೈ ಗೌಸನ ಮೊಣಕೈ ಮೇಲೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗೌಸ ಕತ್ತರಿಯನ್ನು ಎತ್ತಿ ಖಾದರಸಾಬನ ಜೇಬಿಗೇ ಹಾಕಿದ.

ಗೊಂಚಲಿನ ಮೇಲಿನ ನಾಲಿಗೆಯಂಥ ಕೊಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದ. ಗೊಂಚಲು ತಾನೇ ಕೈಗೆ ಬಂತು. ಆ ಮೇಲೆ ಶುರುವಾಯಿತು ಹುಡುಕಾಟ. ಬ್ಯಾಟರಿಯನ್ನು ಮತ್ತೆ ಕೊಟ್ಟು, ಟೆಸ್ಟ್ ಲ್ಯಾಂಪಿನ ಸೂಜಿಯನ್ನು ಒಂದೊಂದು ಕಿಂಡಿಗೆ ಮುಟ್ಟಿಸಿ ನೋಡಿದ. ಒಂದರಲ್ಲಿ ದೀಪ ಯಾವಾಗಲೂ ಹತ್ತುತ್ತಿತ್ತು. ಇನ್ನೊಂದರಲ್ಲಿ ಕೀಲಿ ತಿರುಗಿಸಿದರೆ ಮಾತ್ರ ಹತ್ತಿತು. ಸ್ಪೀಕರಿನ ವೈರುಗಳಿಗೆ ಗಡಿಯಾರದ ಸಣ್ಣ ಸೆಲ್ಲು ಮುಟ್ಟಿಸಿದ. ಎಲ್ಲೋ ಒಂದು ಬಾಗಿಲಲ್ಲಿ ಟಕ್ ಎಂದಿತು. ಯಾವ ಬಾಗಿಲು? ಖಾದರಸಾಬ ರುಮಾಲು ತೆಗೆದಿಟ್ಟು, ಹಿಂದಿನ ಸೀಟಿಗೆ ಹೋಗಿ ಬಾಗಿಲಿಗೆ ಕಿವಿ ಹಚ್ಚಿದ. ಹಿಂದ, ಎಡಕ್ಕ ಎಂದ. ಮತ್ತೆ ಟಕ್. ಮುಂದ, ಬಲಕ್ಕ. ಬಿಳಿ ಜುಬ್ಬಾ ಹಾಕಿಕೊಂಡು ಸಂಬಂಧ ಮಾತಾಡಲು ಬಂದ ದೊಡ್ಡ ಮನುಷ್ಯ ಕಾರಿನೊಳಗೆ ಮೊಣಕಾಲ ಮೇಲೆ ಹರಿದಾಡುವುದನ್ನು ನೋಡಲು ಗುರುಬಾಯಿ ಅಂಗಳಕ್ಕೇ ಬಂದು ನಿಂತಳು. ಒಳಗೆ ಹೆಂಗಸರು ಸಕ್ಕರೆಯ ತಟ್ಟೆಗೆ ಇರುವೆ ಹತ್ತದಂತೆ ಮುಚ್ಚಿಟ್ಟರು.

ಸತ್ತ ಸೆಟ್ಟಿನಿಂದ ಸಾಕೆಟ್ಟು ಬಿಡಿಸಿದ್ದಾಯಿತು, ವೈರು ಬೆಸೆದದ್ದಾಯಿತು, ಹೊಸ ಸೆಟ್ಟು ಕೂತದ್ದಾಯಿತು. ಕೀಲಿ ತಿರುಗಿಸಿದರೆ ಪರದೆ ಬೆಳಗಿತು, ನಾಲ್ಕೂ ಬಾಗಿಲು ಹಾಡಿದವು. ಶಾಹಿದನ ಮುಖ ಅಗಲವಾಯಿತು. ಖಾದರಸಾಬ ಕೀಲಿ ಆರಿಸಿ ಮತ್ತೆ ತಿರುಗಿಸಿದ. ಸೆಟ್ಟು ಯಾವ ಭಾಷೆ ಬೇಕು ಎಂದು ಮೊದಲಿನಿಂದ ಕೇಳಿತು, ಗಡಿಯಾರ ಹನ್ನೆರಡಕ್ಕೆ ಹೋಗಿ ನಿಂತಿತು. ಮತ್ತೆ ಆರಿಸಿ ತಿರುಗಿಸಿದರೂ ಅದೇ ರಾಗ.

"ಇದಕ್ಕೇನು ಮರುವು ಅದೇನ್ರಿ? ಕೀಲಿ ತಿರುವಿದಾಗೊಮ್ಮೆ ಹೊಸದಾಗಿ ಹುಟ್ಟಿ ಬರ್ಲಾಕತ್ತದ," ಎಂದ ಖಾದರಸಾಬ.

ಗೌಸ ನೆಲದ ಮೇಲೆ ಕೂತು ಯೋಚಿಸಿದ. ಹೊಸ ಸೆಟ್ಟಿನ ಕೆಂಪು ವೈರನ್ನು ಯಾವಾಗಲೂ ಕರೆಂಟಿರುವ ಕಡೆಗೇ, ಹಳದಿಯನ್ನು ಕೀಲಿ ತಿರುಗಿಸಿದರೆ ಬರುವ ಕಡೆಗೆ ಕೊಟ್ಟಿದ್ದಾನೆ. ಲಾರಿಯಲ್ಲಿ ಕೆಂಪೆಂದರೆ ನೇರ ಬ್ಯಾಟರಿ, ಹುಟ್ಟಿದಾಗಿನಿಂದ ಅವನು ಕಂಡದ್ದು ಹಾಗೆ. ಖಾದರಸಾಬನೂ ಹೌದೌದು, ಟ್ರ್ಯಾಕ್ಟರಿನಲ್ಲೂ ಹಾಗೇ, ಕೆಂಪಿನಲ್ಲಿ ತಪ್ಪಿಲ್ಲ ಎಂದು ಅವನ ಪರ ಸಾಕ್ಷಿ ಹೇಳಿದ. ಇಬ್ಬರೂ ಕೆಂಪನ್ನು ಬಿಟ್ಟು ಉಳಿದದ್ದನ್ನೆಲ್ಲ ಅನುಮಾನಿಸಿದರು. ಸೆಟ್ಟೇ ಖರಾಬೋ, ಸೊಲ್ಲಾಪುರದವನು ಟೋಪಿ ಹಾಕಿದನೋ ಎಂದೂ ಮಾತಾಯಿತು.

ಆಮೇಲೆ ಗೌಸನಿಗೆ ಬೇರೆಯೇ ಒಂದು ಪ್ರಶ್ನೆ ಹುಟ್ಟಿತು. ಕಾರು ಮಲಗಿದಾಗಲೂ ನೆನಪಿಟ್ಟುಕೊಳ್ಳಬೇಕಾದರೆ ಸೆಟ್ಟಿಗೆ ಎಲ್ಲಿಂದಾದರೂ ಚೂರು ಕರೆಂಟು ಸಿಗುತ್ತಿರಬೇಕಲ್ಲ? ಕೀಲಿ ಆರಿಸಿ ದೀಪ ಹಿಡಿದು ನೋಡಿದ. ಕೆಂಪಿನಲ್ಲಿತ್ತು, ಹಳದಿಯಲ್ಲಿರಲಿಲ್ಲ. ಈ ಸೆಟ್ಟಿನವರು ನೆನಪನ್ನು ಹಳದಿಗೆ ಕೊಟ್ಟು, ಕೆಂಪನ್ನು ಬರೀ ಎಬ್ಬಿಸುವುದಕ್ಕೆ ಇಟ್ಟಿದ್ದಾರೆ. ಎಲಾ ಇವರ, ಎಂದು ಗೌಸ ತನ್ನಷ್ಟಕ್ಕೆ ನಕ್ಕ. ತಪ್ಪು ಸಿಕ್ಕಿದ್ದಕ್ಕೆ ಅವನಿಗೆ ಆದ ಖುಷಿ ಕೆಲಸ ಸರಿಯಾದಾಗಲೂ ಆಗಿರಲಿಲ್ಲ. ನಡುವಿನ ತುಂಡಿನಲ್ಲಿ ಹಳದಿ, ಕೆಂಪು ಎರಡನ್ನೂ ಅದಲು ಬದಲು ಮಾಡಿದ. ಕೀಲಿ ಆರಿಸಿ ತಿರುಗಿಸಿದರೆ ಹಾಡು ನಿಂತಲ್ಲಿಂದಲೇ ಹೊರಟಿತು.

ಖಾದರಸಾಬ ಸುಲಭಕ್ಕೆ ಒಪ್ಪುವ ಮನುಷ್ಯನಲ್ಲ. ಈಗ ಇದನ್ನು ತೆಗೆದು ಹಳೆಯದನ್ನು ಮೊದಲಿದ್ದ ಹಾಗೆ ಕೂಡಿಸಿ ತೋರಿಸಿ ಎಂದ. ಶಾಹಿದ ಹಣೆ ಚಚ್ಚಿಕೊಂಡ. ಗೌಸ ಬೇಸರಿಸಲಿಲ್ಲ, ಅವನಿಗೂ ಅದನ್ನೇ ನೋಡಬೇಕಿತ್ತು. ಗೊಂಚಲನ್ನು ನಡುವಿನ ತುಂಡಿನಿಂದ ಬಿಡಿಸಿ ಹಳೆಯ ಸೆಟ್ಟಿಗೆ ಒತ್ತಿದ. ಹಳೆಯದು ಏನೂ ಆಗಿಲ್ಲವೆಂಬಂತೆ ಹಾಡಿತು. ಖಾದರಸಾಬ ಗೊಂಚಲನ್ನು ಬಿಸಿಲಿಗೆ ಹಿಡಿದು ಒಂದೊಂದೇ ವೈರನ್ನು ಬೆರಳಿನಿಂದ ಸವರಿದ. ಎಲ್ಲೂ ಗೀರಿಲ್ಲ. ಹೊಸದನ್ನೇ ಹಾಕಿಬಿಡಿ ಎಂದು ಹೇಳಿ ಕತ್ತರಿಯನ್ನು ಜೇಬಿನಿಂದ ತೆಗೆದು ವಾಪಸು ಕೊಟ್ಟ.

"ನಾಕ್ ಮಂದಿ ಆಗಂಗಿಲ್ಲ ಅಂದಿದ್ದನ್ನ ಮಾಡಿ ತೋರಿಸಿದ್ರಿ. ಏನ್ ಬೇಕು ಹೇಳ್ರಿ ಭಾಯಿಸಾಬ."

ಗೌಸ ಹೊಸ ಸೆಟ್ಟನ್ನು ಮತ್ತೆ ಕೂರಿಸಿ ಚೌಕಟ್ಟು ಒತ್ತಿದ. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮಾತು ಕೆಡುವ ಹೊತ್ತೂ ಇದೇ ಎಂದು ಗೊತ್ತಿತ್ತು. ಪರದೆಯ ಕಡೆ ನೋಡಲಿಲ್ಲ, ನೋಡಿದ್ದರೆ ತಸ್ಲೀಮಳ ಕಣ್ಣು ಅವನನ್ನು ಅಲ್ಲಿಯೇ ಕೂರಿಸುತ್ತಿತ್ತು. ಕೈಯೊರೆಸಿಕೊಳ್ಳುತ್ತ ಹೇಳಿದ.

"ನಮ್ಮ ನಿಶಾತ ಪರೀಕ್ಷಾ ಮುಗಸಲಿರಿ. ಅಲ್ಲಿತನ ನಿಕಾ ತಡೀರಿ. ನನಗ ಬ್ಯಾರೆ ಏನೂ ಬ್ಯಾಡ."

ಖಾದರಸಾಬನ ಮುಖದ ಮೇಲಿದ್ದ ನಗು ಇಳಿಯಿತು. ಕಾರಿನ ಮಾತು ಬೇರೆ, ಮನೆತನದ ಮಾತು ಬೇರೆ ಎಂದ. ತಮ್ಮಲ್ಲಿ ಸೊಸೆಯಂದಿರು ಅಷ್ಟು ಓದಿದ ರೂಢಿಯಿಲ್ಲ, ಮಾತು ಪಕ್ಕಾ ಆದ ಹುಡುಗಿ ದಿನಾ ಬಸ್ಸು ಹತ್ತಿ ಕಾಲೇಜಿಗೆ ಹೋದರೆ ಮಂದಿ ಆಡಿಕೊಳ್ಳುತ್ತಾರೆ, ರಾಶಿ ಮುಗಿಯಿತೆಂದರೆ ನಿಕಾ ಎಂದು ತಾನು ಊರಿಗೆಲ್ಲ ಹೇಳಿಯಾಗಿದೆ ಎಂದ. ಧ್ವನಿ ಏರಿಸಲಿಲ್ಲ. ಧ್ವನಿ ಏರಿಸದ ಮನುಷ್ಯನ ಎದುರು ಮಾತಾಡುವುದೇ ಕಷ್ಟ.

ಹೆಂಡತಿ ಹೇಳಿದ ಹಾಗೇ ಆಗುತ್ತಿದೆ, ತಾನೇ ಕೈಯಾರೆ ಕೆಡಿಸುತ್ತಿದ್ದೇನೆ ಎಂದು ಗೌಸನಿಗೆ ಅನ್ನಿಸಿತು. ಇನ್ನೊಂದು ಕಡೆ, ದಿನಾ ಸಂಜೆ ಬಸ್ಸಿಳಿದು ಬಂದು, ಚೀಲ ಕೆಳಗಿಡುವ ಮೊದಲೇ ಇವತ್ತು ಏನು ಕಲಿತೆನೆಂದು ಹೇಳಲು ಶುರು ಮಾಡುವ ಮಗಳು. ಅದನ್ನು ಅರ್ಧಕ್ಕೆ ನಿಲ್ಲಿಸಿ ಇವಳನ್ನು ಕಳಿಸಿದರೆ ತನಗೆ ಅನ್ನ ಸೇರುವುದಿಲ್ಲ ಎಂಬುದು ಅವನಿಗೆ ಆ ಕ್ಷಣ ಖಚಿತವಾಯಿತು.

"ಹಂಗಾದ್ರ ಸಕ್ಕರಿ ಇವತ್ತು ಬ್ಯಾಡ್ರಿ," ಎಂದ. "ಸಿಟ್ಟಾಗಬ್ಯಾಡ್ರಿ. ನಿಮಗ ಬ್ಯಾರೆ ಕಡಿ ಕೂಡಿ ಬಂದ್ರ ಮಾಡ್ಕೋರಿ. ನಮ್ಮ ಹುಡುಗಿ ಮಾತ್ರ ಓದು ಮುಗಿಸೇ ಏಳ್ತಾಳ."

ಒಳಗೆ ಯಾರದೋ ಕೈಯಿಂದ ಲೋಟ ಬಿತ್ತು. ಖಾದರಸಾಬ ರುಮಾಲು ಸುತ್ತಿಕೊಂಡ. ಹೆಂಗಸರು ತಲೆ ಮೇಲೆ ಸೆರಗೆಳೆದುಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು. ಖುದಾಹಾಫಿಜ್ ಅಂದದ್ದಷ್ಟೇ, ಕೈ ಹಿಡಿದು ಕುಲುಕಲಿಲ್ಲ. ಗುರುಬಾಯಿ ಮುಖ ತಿರುಗಿಸಿಕೊಂಡು ತನ್ನ ಮನೆಯೊಳಗೆ ಹೋದಳು. ಕಾರು ಹೊರಟಿತು, ಹಾಡಿನ ಸದ್ದಿಲ್ಲ.

ರಸ್ತೆಯ ತಿರುವಿನಲ್ಲಿ ಅದು ನಿಂತಿತು. ಗಾಜಿನಾಚೆ ಶಾಹಿದ ಸ್ಟೀರಿಂಗ್ ಚಕ್ರದ ಮೇಲಿನ ಕೈ ತೆಗೆದು ಅಪ್ಪನ ಕಡೆ ತಿರುಗಿ ಏನೋ ಹೇಳುತ್ತಿದ್ದುದು ಕಾಣುತ್ತಿತ್ತು. ಅಪ್ಪ ಇಲ್ಲವೆಂದು ತಲೆಯಾಡಿಸಿದ. ಮಗ ಮತ್ತೆ ಹೇಳಿದ. ಹಿಂದಿನ ಸೀಟಿನಿಂದ ಒಂದು ಹೆಣ್ಣು ಕೈಯೂ ಮುಂದೆ ಬಂದು ಏನನ್ನೋ ವಾದಿಸಿತು. ಜೀವಮಾನವಿಡೀ ಮುಚ್ಚಿದ್ದನ್ನು ತೆರೆದು ನೋಡಿದ ಗೌಸನಿಗೆ ಆ ಕಾರಿನೊಳಗೆ ಏನು ಮಾತು ನಡೆಯಿತೆಂದು ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಆಗಿಲ್ಲ. ಅವನು ಕೈಯಲ್ಲಿ ಹಳೆಯ ಸೆಟ್ಟು ಹಿಡಿದುಕೊಂಡು, ಇದನ್ನು ಬಿಟ್ಟೇ ಹೊರಟರಲ್ಲ, ಕೊಟ್ಟು ಬರಬೇಕಲ್ಲ ಎಂಬ ಚಿಂತೆಯಲ್ಲಿ ನಿಂತಿದ್ದ.

ಕಾರು ಹಿಂದಕ್ಕೆ ಬಂತು. ಖಾದರಸಾಬ ಗಾಜು ಇಳಿಸಿದ. ಗೌಸ ಹಳೆಯ ಸೆಟ್ಟನ್ನು ಮುಂದೆ ಹಿಡಿದ, ಅವನು ಅದರ ಕಡೆ ನೋಡಲಿಲ್ಲ.

"ಪರೀಕ್ಷಾ ಯಾವ ತಿಂಗಳದಾಗ?"

ಗೌಸನಿಗೆ ತಕ್ಷಣ ನೆನಪಾಗಲಿಲ್ಲ. ಮಗಳು ನೂರು ಸಲ ಹೇಳಿದ್ದಳು, ಆದರೂ ಆ ಹೊತ್ತಿಗೆ ತಲೆ ಖಾಲಿ. ಅಷ್ಟರಲ್ಲಿ ಬಾಗಿಲಲ್ಲಿ ಪರದೆ ಸರಿಯಿತು. ನಿಶಾತ ಹೊಸ್ತಿಲ ಮೇಲೆ ನಿಂತಿದ್ದಳು. ಮಾತು ಪಕ್ಕಾ ಆಗುವ ದಿನ ಹುಡುಗಿ ಗಂಡಿನವರ ಮುಂದೆ ಬಂದು ಹೀಗೆ ನಿಲ್ಲುವುದಿಲ್ಲ, ಬಾಯಿ ತೆರೆಯುವುದಂತೂ ಇಲ್ಲವೇ ಇಲ್ಲ.

"ಜೂನದಾಗ್ರಿ," ಎಂದಳು.

ಖಾದರಸಾಬ ಅವಳನ್ನು ನೋಡಿದ, ಚಕ್ರ ಹಿಡಿದು ನೆಟ್ಟಗೆ ಎದುರಿಗೆ ನೋಡುತ್ತಿದ್ದ ಮಗನನ್ನು ನೋಡಿದ. ಗಡ್ಡ ಸವರಿಕೊಂಡ.

"ಹಂಗಾದ್ರ ಜೂನ ಮುಗೀಲಿ ಬೇಟಿ. ಪರೀಕ್ಷಾ ಚಲೋತಂಗ ಬರಿ," ಎಂದು ಬಾಗಿಲು ತೆಗೆದು ಕೆಳಗಿಳಿದ.

ತಸ್ಲೀಮ ಮಗಳನ್ನು ಬೈಯಬೇಕೆಂದೇ ಹೊರಗೆ ಬಂದಿದ್ದಳು. ಬೀಗರ ಎದುರು ಬಾಯಿ ಹಾಕಿದ್ದಕ್ಕೆ, ಪರದೆ ಸರಿಸಿದ್ದಕ್ಕೆ, ಅಪ್ಪನನ್ನು ಹುರಿದುಂಬಿಸಿದ್ದಕ್ಕೆ. ಬೈಗುಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಬಾಯಿ ತೆರೆದರೆ ಅಳು ಬಂದುಬಿಟ್ಟಿತು, ಮಗಳ ಭುಜಕ್ಕೆ ಮುಖ ಒತ್ತಿಕೊಂಡು ಅತ್ತಳು.